ಪೆರುವಿಗೆ ಹೊರಡುವ ಮುನ್ನ ಒಂದು ಜಗಳ

ಒಬ್ಬ ಹುಡುಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವರ್ಷದ ಕೊನೆಗೆ ಸಿಗುವ ಎರಡು ವಾರದ ರಜೆಯಲ್ಲಿ ಅಪ್ಪ ಅಮ್ಮನನ್ನು ಪೆರು ದೇಶಕ್ಕೆ ಕರೆದುಕೊಂಡು ಹೋಗಲು ಹೊರಟಿದ್ದಾನೆ. ಇನ್ನೊಬ್ಬರು ಅವನ ಚಿಕ್ಕಮ್ಮ. ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಗೆಳತಿಯೊಬ್ಬರ ಜೊತೆ ಆ ದೇಶ ಸುತ್ತಿ ಬಂದವರು. ಮೈಸೂರಿನ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಹುಡುಗ ಲ್ಯಾಪ್‌ಟಾಪ್ ತೆರೆದು ತನ್ನ ಪಟ್ಟಿ ತೋರಿಸಿದ. ಲಿಮಾ, ಕುಸ್ಕೊ, ರೇನ್‌ಬೋ ಮೌಂಟನ್, ಮಾಚು ಪಿಚು, ಟಿಟಿಕಾಕಾ ಸರೋವರ, ಮತ್ತೆ ಲಿಮಾ. ಮಾತು ಅಲ್ಲಿಂದ ಶುರುವಾಯಿತು.

ಹುಡುಗ: ಒಂದು ಸಾರಿ ಪೂರ್ತಿ ನೋಡು ಚಿಕ್ಕಮ್ಮ. ಯಾವ ಹೋಟೆಲ್, ಯಾವ ರೈಲು, ಬೆಳಿಗ್ಗೆ ಎಷ್ಟು ಗಂಟೆಗೆ ಟ್ಯಾಕ್ಸಿ, ಎಲ್ಲ ಹಾಕಿದೀನಿ. ಒಂದು ಗಂಟೆನೂ ವೇಸ್ಟ್ ಆಗಲ್ಲ.

ಚಿಕ್ಕಮ್ಮ: ಅದೇ ನೋಡು ನನಗೆ ಭಯ. ಉಸಿರು ಬಿಡೋಕೆ ಜಾಗ ಎಲ್ಲಿದೆ ಇದರಲ್ಲಿ? ಬರೀ ಮಾತಿಗೆ ಹೇಳ್ತಿಲ್ಲ, ನಿಜವಾದ ಉಸಿರಿನ ವಿಷಯಾನೇ. ಲಿಮಾ ಇರೋದು ಸಮುದ್ರದ ದಡದಲ್ಲಿ. ಅಲ್ಲಿಂದ ವಿಮಾನ ಹತ್ತಿದರೆ ಒಂದೂವರೆ ಗಂಟೆ ಒಳಗೆ ಕುಸ್ಕೊ, 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರೂ ಇಲ್ಲ. ನೀನು ಮಾರನೇ ದಿನವೇ ರೇನ್‌ಬೋ ಮೌಂಟನ್ ಅಂತ ಹಾಕಿದೀಯ. ಅದು 5,000 ಮೀಟರ್ ದಾಟುತ್ತೆ. ಭಾವನಿಗೆ ಅರವತ್ತಾರು, ಬಿಪಿ ಮಾತ್ರೆ ಬೇರೆ.

ಹುಡುಗ: ಅಪ್ಪ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕ್ತಾರೆ. ನಡಿಗೇಲಿ ನನ್ನನ್ನೇ ಹಿಂದೆ ಹಾಕ್ತಾರೆ.

ಚಿಕ್ಕಮ್ಮ: ಆ ಗಟ್ಟಿತನ ಅಲ್ಲಿ ಲೆಕ್ಕಕ್ಕೆ ಬರಲ್ಲ ಕಣೋ. ಎತ್ತರದ ಕಾಯಿಲೆ ಜಿಮ್‌ಗೆ ಹೋಗೋ ಹುಡುಗರನ್ನೂ ಹಿಡಿಯುತ್ತೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರೋದರ ಮೂರನೇ ಎರಡು ಭಾಗ ಅಷ್ಟೆ. ಒಂದೊಂದು ಉಸಿರಿಗೂ ಸಿಗೋದು ಕಡಿಮೆ. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಬರದೆ ಹೊರಳಾಡೋದು. ಅಷ್ಟಕ್ಕೇ ನಿಂತರೆ ಪರವಾಗಿಲ್ಲ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ಮಾತು ತಡವರಿಸಿದರೆ ತಕ್ಷಣ ಕೆಳಗೆ ಇಳಿಸಬೇಕು. ಬೇರೆ ಮದ್ದು ಹುಡುಕ್ತಾ ಕೂರೋ ಹಾಗಿಲ್ಲ.

ಹುಡುಗ: ಹಾಗಂತ ಕುಸ್ಕೊ ಬಿಟ್ಟುಬಿಡೋಕೆ ಆಗುತ್ತಾ? ಎಲ್ಲ ದಾರೀನೂ ಅಲ್ಲಿಂದಲೇ ಹೋಗೋದು.

ಚಿಕ್ಕಮ್ಮ: ಬಿಡಬೇಡ, ಹಿಂದು ಮುಂದು ಮಾಡು. ಕುಸ್ಕೊದಲ್ಲಿ ಇಳಿದು, ಊರೊಳಗೆ ಉಳಿಯದೆ, ಕಾರು ಮಾಡ್ಕೊಂಡು ನೇರ ಉರುಬಾಂಬಾ ಕಣಿವೆಗೆ ಇಳೀರಿ. ಒಯಾಂತೈತಾಂಬೊ ಅನ್ನೋ ಊರು ಸುಮಾರು 2,800 ಮೀಟರ್. ಎರಡು ರಾತ್ರಿ ಅಲ್ಲೇ ಇರಿ. ಮಾಚು ಪಿಚು ರೈಲೂ ಅಲ್ಲಿಂದಲೇ ಹೊರಡುತ್ತೆ. ಮಾಚು ಪಿಚು ಇನ್ನೂ ಕೆಳಗೆ, 2,430. ಅದನ್ನ ನೋಡಿಕೊಂಡು, ಮೈ ಒಗ್ಗಿದ ಮೇಲೆ ಕುಸ್ಕೊಗೆ ಬನ್ನಿ.

ಹುಡುಗ: ಇದನ್ನ ಒಪ್ತೀನಿ. ದಿನ ಹೆಚ್ಚಾಗಲ್ಲ, ಕ್ರಮ ಬದಲಾಗುತ್ತೆ ಅಷ್ಟೆ. ಎತ್ತರದ ಕಾಯಿಲೆಗೆ ಅಂತ ಡೈಮಾಕ್ಸ್ ಮಾತ್ರೆ ಕೂಡ ತಗೊಂಡು ಹೋಗ್ತೀನಿ.

ಚಿಕ್ಕಮ್ಮ: ಮೆಡಿಕಲ್ ಶಾಪಿನವನನ್ನ ಕೇಳಿ ತರಬೇಡ, ಭಾವನ ಡಾಕ್ಟರನ್ನ ಕೇಳು. ಸಲ್ಫಾ ಅಲರ್ಜಿ ಇದೆಯಾ, ಬಿಪಿ ಮಾತ್ರೆ ಜೊತೆ ಹೊಂದುತ್ತಾ, ಅವರೇ ಹೇಳಬೇಕು. ಇನ್ನೊಂದು ವಿಷಯ. ಆ ಮಾತ್ರೆ ತಗೊಂಡರೆ ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ. ಮಾಚು ಪಿಚು ಗೇಟಿನ ಒಳಗೆ ಶೌಚಾಲಯ ಇಲ್ಲ, ಇರೋದು ಹೊರಗೆ, ದುಡ್ಡು ಕೊಟ್ಟು ಹೋಗಬೇಕು. ಹೊರಗೆ ಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡಲ್ಲ.

ಹುಡುಗ: ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹಾಕ್ತೀನಿ. ಆದರೆ ಚಿಕ್ಕಮ್ಮ, ನೀನೇ ಈಗ ನನ್ನ ಪರವಾಗಿ ಮಾತಾಡಿದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೇ ಹೋದರೆ ಅಪ್ಪನಿಗೆ ಎಷ್ಟು ಕಷ್ಟ! ಅದಕ್ಕೇ ಎಲ್ಲ ಮುಂಚೆನೇ ಕಟ್ಟಿಡಬೇಕು ಅಂತ ನಾನು ಹೇಳೋದು.

ಚಿಕ್ಕಮ್ಮ: ತಿಳ್ಕೊಂಡು ಹೋಗು, ಬೇಡ ಅಂದವರು ಯಾರು? ದಿನಗಳನ್ನ ಕಟ್ಟಿಹಾಕಬೇಡ ಅನ್ನೋದು ನನ್ನ ಮಾತು.

ಹುಡುಗ: ಎರಡೂ ಬೇರೆ ಬೇರೆ ಅನ್ನೋದು ಹೇಳೋಕೆ ಚೆಂದ. ಮಾಚು ಪಿಚು ಟಿಕೆಟ್ಟೇ ನೋಡು. ತಾರೀಕು, ಒಳಗೆ ಹೋಗೋ ಗಂಟೆ, ನಡೆಯೋ ದಾರಿ, ಮೂರನ್ನೂ ಮುಂಚೆನೇ ಆರಿಸಬೇಕು. ಟಿಕೆಟ್ಟಿನ ಮೇಲೆ ಹೆಸರು, ಪಾಸ್‌ಪೋರ್ಟ್ ನಂಬರ್ ಇರುತ್ತೆ, ಗೇಟಲ್ಲಿ ತಾಳೆ ನೋಡ್ತಾರೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ‘ಹೋಗಿ ನೋಡೋಣ’ ಅಂದರೆ ಕೆಳಗಿನ ಊರಲ್ಲಿ ಬೆಟ್ಟ ನೋಡ್ಕೊಂಡು ಕೂರಬೇಕು.

ಚಿಕ್ಕಮ್ಮ: ಕೆಳಗಿನ ಊರಲ್ಲೂ ಮಾರನೇ ದಿನಕ್ಕೆ ಒಂದಷ್ಟು ಟಿಕೆಟ್ ಕೊಡ್ತಾರೆ.

ಹುಡುಗ: ಆ ಕ್ಯೂನಲ್ಲಿ ಅಪ್ಪ ಅಮ್ಮನ್ನ ನಿಲ್ಲಿಸಲಾ? ನೀನೂ ನಿನ್ನ ಗೆಳತಿಯೂ ನಿಂತಿರಬಹುದು, ಕಾಫಿ ಕುಡ್ಕೊಂಡು ಮಜವಾಗಿ ಕಾಯ್ತಾ ಇದ್ದಿರಬಹುದು. ಅದು ನಿಮಗೆ ಅನುಭವ. ನಾನು ಕರ್ಕೊಂಡು ಹೋಗೋನು. ನಾನು ಬುಕ್ ಮಾಡದೇ ಇದ್ದಿದ್ದೆಲ್ಲ ಅವರ ಎದುರಿಗೆ ನನ್ನ ಬೇಜವಾಬ್ದಾರಿ ಆಗುತ್ತೆ.

ಚಿಕ್ಕಮ್ಮ: ಸರಿ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಟಿಕೆಟ್ ಮುಂಚೆನೇ ತಗೋ. ಆದರೆ ಯಾವ ದಾರಿ ಆರಿಸಿದೀಯ?

ಹುಡುಗ: ಎರಡನೇ ಸರ್ಕ್ಯೂಟ್. ಕ್ಯಾಲೆಂಡರಿನಲ್ಲಿ ನೋಡ್ತೀವಲ್ಲ, ಆ ನೋಟ ಮೇಲಿಂದ ಸಿಗುತ್ತೆ, ಆಮೇಲೆ ಇಂಕಾಗಳ ಊರೊಳಗೂ ಇಳೀಬಹುದು. 2024ರಿಂದ ಮೂರು ಸರ್ಕ್ಯೂಟ್ ಮಾಡಿದಾರೆ. ಮೊದಲನೇದರಲ್ಲಿ ಮೇಲಿಂದ ನೋಟ ಮಾತ್ರ, ಊರೊಳಗೆ ಬಿಡಲ್ಲ. ಮೂರನೇದು ಕೆಳಗಿನ ಭಾಗ, ಆ ಕ್ಯಾಲೆಂಡರ್ ನೋಟ ಸಿಗಲ್ಲ.

ಚಿಕ್ಕಮ್ಮ: ಮೂರನೇದರಲ್ಲಿ ಮೆಟ್ಟಿಲು ಕಡಿಮೆ. ಎರಡನೇದರಲ್ಲಿ ಶುರುವಿನಲ್ಲೇ ಕಲ್ಲಿನ ಮೆಟ್ಟಿಲು, ಮಳೆ ಬಿದ್ದರೆ ಜಾರುತ್ತೆ. ನಿಮ್ಮಮ್ಮನ ಮಂಡಿ?

ಹುಡುಗ: ಅಷ್ಟು ದೂರ ಹೋಗಿ ಆ ನೋಟ ನೋಡದೇ ಬರ್ತಾರಾ ಅಮ್ಮ?

ಚಿಕ್ಕಮ್ಮ: ನಿಮ್ಮಮ್ಮನಿಗೆ ನೋಟ ಬೇಕೋ, ಮಂಡಿ ಬೇಕೋ ಅಂತ ನಾವಿಬ್ಬರೂ ಕೂತು ತೀರ್ಮಾನ ಮಾಡ್ತಿದೀವಿ ನೋಡು. ಇರಲಿ, ಅದಕ್ಕೆ ಆಮೇಲೆ ಬರೋಣ. ತಾರೀಕು ಹೇಳು. ಡಿಸೆಂಬರ್ ಕೊನೆ ಅಲ್ವಾ?

ಹುಡುಗ: ನಮ್ಮ ಆಫೀಸು ಮುಚ್ಚೋದೇ ಆಗ.

ಚಿಕ್ಕಮ್ಮ: ಭೂಮಧ್ಯರೇಖೆಯ ಕೆಳಗಿನ ದೇಶ ಅದು. ಡಿಸೆಂಬರಿನಲ್ಲಿ ಲಿಮಾದಲ್ಲಿ ಬಿಸಿಲು, ಕುಸ್ಕೊ ಕಡೆ ಮಳೆಗಾಲ. ಒಂದೇ ಸೂಟ್‌ಕೇಸಿನಲ್ಲಿ ಹತ್ತಿ ಬಟ್ಟೆಯೂ ಬೇಕು, ಸ್ವೆಟರ್ ರೇನ್‌ಕೋಟೂ ಬೇಕು. ಅದೇನು ದೊಡ್ಡದಲ್ಲ. ಜನವರಿ, ಫೆಬ್ರವರಿಯಲ್ಲಿ ಮಳೆ ಜೋರು. 2010ರ ಜನವರಿಯಲ್ಲಿ ನದಿ ಉಕ್ಕಿ, ಗುಡ್ಡ ಕುಸಿದು ರೈಲು ಹಳಿ ಕೊಚ್ಚಿಹೋಯಿತು. ಮಾಚು ಪಿಚು ಕೆಳಗಿನ ಊರಲ್ಲಿ ಸಾವಿರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು, ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಬರಬೇಕಾಯಿತು. ಆ ಊರಿಗೆ ಕಾರು, ಬಸ್ಸು ಬರೋ ರಸ್ತೆಯೇ ಇಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆಕಾಶ ಶುಭ್ರ.

ಹುಡುಗ: ಮೇನಿಂದ ಸೆಪ್ಟೆಂಬರ್‌ವರೆಗೆ ನನಗೆ ಸಿಗೋ ರಜೆ ಎರಡು ಶುಕ್ರವಾರ. ಜೂನ್, ಜುಲೈನಲ್ಲಿ ಜನವೂ ಜಾಸ್ತಿ, ಬೆಲೆಯೂ ಜಾಸ್ತಿ. ಮಳೆಗಾಲದಲ್ಲಿ ಬೆಟ್ಟ ಹಸಿರಾಗಿರುತ್ತೆ, ಜನ ಕಡಿಮೆ. ಮಲೆನಾಡಿನ ಮಳೆ ನೋಡಿದವರಿಗೆ ಮಳೆ ಭಯಾನಾ?

ಚಿಕ್ಕಮ್ಮ: ಮಳೆ ಭಯ ಇಲ್ಲ. ಸೋಮವಾರ ರೈಲು, ಮಂಗಳವಾರ ಮಾಚು ಪಿಚು, ಬುಧವಾರ ವಿಮಾನ, ಗುರುವಾರ ದೋಣಿ ಅಂತ ಹೆಣೆದಿದೀಯಲ್ಲ, ಅದು ಭಯ. ಒಂದು ಎಳೆ ಕಿತ್ತರೆ ಇಡೀ ಸೀರೆ ಸುಕ್ಕು. ಮಳೆ ಒಂದೇ ಅಲ್ಲ. 2022ರ ಡಿಸೆಂಬರಿನಲ್ಲಿ ಅಧ್ಯಕ್ಷ ಪೆದ್ರೊ ಕಸ್ತಿಯೊನನ್ನ ಅಧಿಕಾರದಿಂದ ಇಳಿಸಿದಾಗ ದೇಶದ ತುಂಬ ಪ್ರತಿಭಟನೆ. ರೈಲು ನಿಂತಿತು, ಕುಸ್ಕೊ ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತು. ಮುಂದಿನ ಜನವರಿ 21ಕ್ಕೆ ಮಾಚು ಪಿಚುವನ್ನೇ ಮುಚ್ಚಿದರು, ಮತ್ತೆ ತೆರೆದಿದ್ದು ಫೆಬ್ರವರಿ ನಡುವೆ. ಆ ಕಡೆ ರಸ್ತೆ ತಡೆ, ಮುಷ್ಕರ ಆಗಾಗ ಇದ್ದದ್ದೇ.

ಹುಡುಗ: ಅಂಥದ್ದು ಆದರೆ ಯಾರು ಏನು ಮಾಡೋಕಾಗುತ್ತೆ? ಎರಡು ದಿನ ಖಾಲಿ ಬಿಟ್ಟಿದ್ದರೂ ಎರಡು ವಾರದ ಮುಷ್ಕರ ನಿಲ್ಲುತ್ತಾ?

ಚಿಕ್ಕಮ್ಮ: ಎರಡು ವಾರದ್ದಕ್ಕೆ ಅಲ್ಲ ಕಣೋ. ಒಂದು ದಿನ ರೈಲು ತಪ್ಪೋದಕ್ಕೆ, ಒಂದು ರಾತ್ರಿ ಜ್ವರಕ್ಕೆ, ಒಂದು ಬೆಳಿಗ್ಗೆ ಭಾವ ‘ಇವತ್ತು ನಾನು ಏಳಲ್ಲ’ ಅನ್ನೋದಕ್ಕೆ.

ಹುಡುಗ: ನೀನು ಪೆನ್ಷನ್ ತಗೊಳ್ಳೋಳು. ದಿನ ಖಾಲಿ ಬಿಡೋ ಶ್ರೀಮಂತಿಕೆ ನಿನಗಿದೆ. ಭಾರತದಿಂದ ಲಿಮಾಕ್ಕೆ ನೇರ ವಿಮಾನ ಇಲ್ಲ, ಹೋಗಿ ಬರೋದರಲ್ಲೇ ನಾಲ್ಕು ದಿನ ಹೋಯ್ತು. ಉಳಿದ ಹತ್ತರಲ್ಲಿ ಎರಡು ಖಾಲಿ ಅಂದರೆ ಟಿಟಿಕಾಕಾ ಕೈಬಿಡಬೇಕು. ಅಪ್ಪ ಹೈಸ್ಕೂಲಿನಲ್ಲಿ ಪರೀಕ್ಷೆಗೆ ಬರೆದ ಸರೋವರ ಅದು. ಮತ್ತೊಂದು ಸಾರಿ ಹೋಗ್ತೀವಾ ನಾವು?

ಚಿಕ್ಕಮ್ಮ: ಟಿಟಿಕಾಕಾ 3,812 ಮೀಟರ್. ಆದರೂ ಕುಸ್ಕೊ ಆದ ಮೇಲೆ ಹೋದರೆ ಮೈ ತಡೆಯುತ್ತೆ. ಕೈಬಿಡೋದಾದರೆ ರೇನ್‌ಬೋ ಮೌಂಟನ್ ಬಿಡು.

ಹುಡುಗ: ಅದು ನನ್ನ ಆಸೆ. ಅಪ್ಪ ಅಮ್ಮ ಹೋಟೆಲಿನಲ್ಲಿ ಇರಲಿ, ನಾನೊಬ್ಬನೇ ಒಂದು ದಿನ ಹೋಗಿ ಬರ್ತೀನಿ.

ಚಿಕ್ಕಮ್ಮ: ಅದು ಸರಿ. ಆಗ ಆ ದಿನ ಅವರಿಬ್ಬರಿಗೂ ಖಾಲಿ ದಿನ. ನೋಡು, ನೀನೇ ಒಂದು ಕೊಟ್ಟೆ.

ಹುಡುಗ: ಮಾತಲ್ಲಿ ಸಿಕ್ಕಿಸಬೇಡ. ವೀಸಾ ಬಗ್ಗೆ ಹೇಳು. ಅಕ್ಕನ ಬಾಣಂತನಕ್ಕೆ ಹೋದಾಗ ಇಬ್ಬರಿಗೂ ಹತ್ತು ವರ್ಷದ ಅಮೆರಿಕ ವೀಸಾ ಸಿಕ್ಕಿತ್ತು. ಅದಿದ್ದರೆ ಪೆರುವಿಗೆ ಬೇರೆ ವೀಸಾ ಬೇಡ ಅಲ್ವಾ?

ಚಿಕ್ಕಮ್ಮ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಷೆಂಗೆನ್, ಇವುಗಳಲ್ಲಿ ಒಂದರ ವೀಸಾ ಇದ್ದು, ಅದರ ಅವಧಿ ಕನಿಷ್ಠ ಆರು ತಿಂಗಳು ಇದ್ದರೆ ಭಾರತೀಯರಿಗೆ ಬೇಡ. 2017ರಿಂದ ಹಾಗೆ. ಭಾವನ ಪಾಸ್‌ಪೋರ್ಟ್ ತೆಗೆದು ತಾರೀಕು ಕಣ್ಣಾರೆ ನೋಡು. ಹೊರಡೋ ಮುಂಚೆ ದೆಹಲಿಯ ಪೆರು ರಾಯಭಾರ ಕಚೇರಿಯಲ್ಲೂ ಒಂದು ಸಾರಿ ಕೇಳು, ನಿಯಮ ಬದಲಾಗ್ತಾ ಇರುತ್ತೆ. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಾಯಿಸೋಕೂ ಅವರ ವೀಸಾ ಬೇಕು, ಅವರಿಬ್ಬರಿಗೂ ಇದೆ, ನಿನ್ನದೂ ನೋಡ್ಕೋ. ಇದೆಲ್ಲ ಆಗದೆ ಹೋಟೆಲಿಗೆ ದುಡ್ಡು ಕಟ್ಟೋದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಹುಡುಗ: ಕಟ್ಟಿಲ್ಲ, ಹಿಡಿದಿಟ್ಟಿದೀನಿ ಅಷ್ಟೆ.

ಚಿಕ್ಕಮ್ಮ: ಹಳದಿ ಪುಸ್ತಕ ಮಾಡಿಸಿದೆಯಾ?

ಹುಡುಗ: ಯೆಲ್ಲೋ ಫೀವರ್? ಅದು ಅಮೆಜಾನ್ ಕಾಡಿಗೆ ಹೋಗೋರಿಗೆ. ನಾವು ಕಾಡಿಗೆ ಹೋಗ್ತಿಲ್ಲ, ಪೆರುವಿನವರೂ ಕೇಳಲ್ಲ.

ಚಿಕ್ಕಮ್ಮ: ಪೆರುವಿನವರು ಕೇಳಲ್ಲ. ನಮ್ಮವರು ಕೇಳ್ತಾರೆ! ಭಾರತದ ಪಟ್ಟಿಯಲ್ಲಿ ಇಡೀ ಪೆರು ಹಳದಿ ಜ್ವರದ ದೇಶ, ಬೆಟ್ಟಕ್ಕೆ ಹೋದೆಯೋ ಕಾಡಿಗೆ ಹೋದೆಯೋ ಅಂತ ನೋಡಲ್ಲ. ಅಲ್ಲಿಂದ ಹೊರಟು ಆರು ದಿನದೊಳಗೆ ಇಲ್ಲಿ ಇಳಿದರೆ ಲಸಿಕೆ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಆ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ. ಪಾಸ್‌ಪೋರ್ಟ್ ನಂಬರ್ ಬರೆದು, ಸೀಲು ಹೊಡೆದು ಹಳದಿ ಪುಸ್ತಕ ಕೊಡ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಅದಕ್ಕೆ ಬೆಲೆ. ಒಂದು ಸಾರಿ ಹಾಕಿಸಿದರೆ ಜೀವನಪೂರ್ತಿ ಸಾಕು.

ಹುಡುಗ: ಹಾಗಿದ್ದರೆ ಮೂರೂ ಜನ ಮುಂದಿನ ವಾರವೇ ಹಾಕಿಸ್ತೀವಿ.

ಚಿಕ್ಕಮ್ಮ: ನೀನು ಹಾಕಿಸ್ಕೋ. ಅರವತ್ತು ದಾಟಿದವರಿಗೆ ಆ ಲಸಿಕೆಯಿಂದ ಅಪರೂಪಕ್ಕೆ ಗಂಭೀರ ತೊಂದರೆ ಆಗೋ ಸಾಧ್ಯತೆ ಹೆಚ್ಚು. ಡಾಕ್ಟರು ನೋಡಿ ಹೇಳಲಿ. ಬೇಡ ಅಂದರೆ ಇನ್ನೊಂದು ದಾರಿ ಇದೆ. ಬರುವಾಗ ನಿಮ್ಮಕ್ಕನ ಮನೆಯಲ್ಲಿ ವಾರ ಕಳೆದು ಬಂದರೆ ಆ ಆರು ದಿನ ಅಲ್ಲೇ ಮುಗೀತು.

ಹುಡುಗ: ಅಕ್ಕನ ಮನೆ! ಅಮ್ಮನಿಗೆ ಮಾಚು ಪಿಚುಗಿಂತ ಇದೇ ಖುಷಿ. ನನ್ನ ರಜೆ ಮುಗಿದರೂ ಅವರು ಅಲ್ಲಿರಬಹುದು. ಆದರೆ ಈ ಎಲ್ಲ ಕಟ್ಟುನಿಟ್ಟು ಹೇಳ್ತಿರೋದು ನೀನು. ದಿನ ಖಾಲಿ ಬಿಡು ಅನ್ನೋಳೂ ನೀನೇ.

ಚಿಕ್ಕಮ್ಮ: ಕಾಗದಪತ್ರಕ್ಕೆ ಕಟ್ಟುನಿಟ್ಟು ಬೇಕು. ದಿನಕ್ಕೆ ಬೇಡ.

ಹುಡುಗ: ಊಟಕ್ಕೆ? ಅದಕ್ಕೂ ಕಟ್ಟುನಿಟ್ಟು ಬೇಕು ಅಂತೀನಿ ನಾನು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಅಕ್ಕಿ, ರವೆ, ಎಂಟಿಆರ್ ಪೊಟ್ಟಣ, ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ತಗೊಂಡು ಹೋಗ್ತಿದೀವಿ.

ಚಿಕ್ಕಮ್ಮ: ಕುಕ್ಕರ್ ಒತ್ತಡದ್ದಾ, ಬರೀ ಅನ್ನ ಮಾಡೋದಾ? ಕುಸ್ಕೊದಲ್ಲಿ ನೀರು 88, 89 ಡಿಗ್ರಿಗೇ ಕುದಿಯುತ್ತೆ. ಅನ್ನ ಬೇಯೋಕೆ ಎಷ್ಟು ಹೊತ್ತು ಬೇಕು ನೋಡು. ಅವಲಕ್ಕಿ ಹಾಕ್ಕೋ, ನೆನೆಸಿದರೆ ಸಾಕು. ಹಣ್ಣು, ಬೀಜ, ಹಸಿ ಕರಿಬೇವು ಒಯ್ಯಬೇಡ. ಬೇಸಾಯದ ಪದಾರ್ಥ ಅಂದರೆ ಅಲ್ಲಿನ ಕಸ್ಟಮ್ಸ್‌ನಲ್ಲಿ ತಡೀತಾರೆ. ಆಲೂಗಡ್ಡೆ ಹುಟ್ಟಿದ ನೆಲ ಅದು, ಸಾವಿರಾರು ತಳಿ. ಹಾಸನದ ಕಡೆಯವಳಾದ ನಿಮ್ಮಮ್ಮನಿಗೆ ಸಂತೆಯಲ್ಲಿ ನೇರಳೆ, ಹಳದಿ, ಕೆಂಪು ಆಲೂಗಡ್ಡೆ ತೋರಿಸು. ಬೇಯಿಸಿದ ಮುಸುಕಿನ ಜೋಳದ ತೆನೆ ಜೊತೆ ಚೀಸ್ ಕೊಡ್ತಾರೆ, ಅದು ಸಲೀಸು.

ಹುಡುಗ: ಗೊತ್ತು, ಓದಿದೀನಿ. ಆದರೆ ಸಸ್ಯಾಹಾರಿ ಅಂದರೆ ಕೋಳಿ ತಂದಿಡ್ತಾರಂತೆ.

ಚಿಕ್ಕಮ್ಮ: ಸಸ್ಯಾಹಾರಿ ಅಂತ ಹೇಳಿ ಸುಮ್ಮನಾಗಬೇಡ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಮೂರನ್ನೂ ಬಿಡಿಸಿ ಹೇಳು. ಸೂಪು ಬಂದಾಗ ಮೇಲೆ ತೇಲೋದು ಕಿನೊವಾ, ತರಕಾರಿ ಅಷ್ಟೇ ಕಾಣುತ್ತೆ, ಕುದಿಸಿದ್ದು ಕೋಳಿ ನೀರಿನಲ್ಲಿರುತ್ತೆ. ಅದನ್ನೂ ಕೇಳು. ಆಲೂಗಡ್ಡೆ ಮೇಲೆ ಹಳದಿ ಮೆಣಸಿನಕಾಯಿ, ಚೀಸಿನ ಗೊಜ್ಜು ಹಾಕಿ ಕೊಡೋ ವಾಂಕಾಯಿನಾ ಅಮ್ಮನಿಗೆ ಹಿಡಿಸುತ್ತೆ. ಮೇಲಿಟ್ಟ ಬೇಯಿಸಿದ ಮೊಟ್ಟೆ ಬೇಡ ಅಂತ ಮುಂಚೆನೇ ಹೇಳಿಬಿಡು.

ಹುಡುಗ: ಇಷ್ಟೆಲ್ಲ ಕೇಳಿ ತಿನ್ನೋದಕ್ಕಿಂತ ಗ್ರೂಪ್ ಟೂರ್ ವಾಸಿ. ನಮ್ಮ ಕಡೆಯ ಅಡುಗೆ, ನಮ್ಮ ಭಾಷೆಯ ಮ್ಯಾನೇಜರ್. ಅಪ್ಪನ ಸ್ನೇಹಿತರು ಹಾಗೆ ಯೂರೋಪ್ ಮುಗಿಸಿ ಬಂದರು.

ಚಿಕ್ಕಮ್ಮ: ನಿಮ್ಮಮ್ಮನಿಗೆ ಅದು ನಿಜಕ್ಕೂ ವಾಸಿ ಇರಬಹುದು. ಮೂರು ಹೊತ್ತೂ ಊಟದ ಚಿಂತೆ ಇಲ್ಲದೆ ಊರು ನೋಡೋದೂ ದೊಡ್ಡ ಸುಖ. ಆದರೆ ಆ ಬಸ್ಸು ಭಾವನ ಉಸಿರಿಗೆ ಕಾಯಲ್ಲ. ಮೂವತ್ತು ಜನ ಕೂತಿರುವಾಗ ‘ನನಗೆ ಆಗ್ತಿಲ್ಲ’ ಅಂತ ಅವರು ಬಾಯಿಬಿಟ್ಟು ಹೇಳಲ್ಲ. ಅಷ್ಟು ಸಂಕೋಚ ಅವರದು.

ಹುಡುಗ: ನನ್ನ ಹತ್ತಿರವೂ ಹೇಳಲ್ಲ. ಅದೇ ನನಗೆ ಚಿಂತೆ.

ಚಿಕ್ಕಮ್ಮ: ಅದಕ್ಕೇ ಇನ್ಶೂರೆನ್ಸ್ ಪಾಲಿಸಿ ಓದಿ ಸಹಿ ಹಾಕು. ಕೆಲವು ಪಾಲಿಸಿಗಳು ಇಷ್ಟು ಎತ್ತರದ ಮೇಲೆ ಆದ ತೊಂದರೆಗೆ ದುಡ್ಡು ಕೊಡಲ್ಲ. ಬಿಪಿ ಇರೋದನ್ನ ಮುಚ್ಚಿಡಬೇಡ. ಕುಸ್ಕೊ ಹೋಟೆಲಿಗೆ ಬರೆದು ಆಕ್ಸಿಜನ್ ಇದೆಯಾ ಅಂತ ಕೇಳು, ತುಂಬ ಕಡೆ ಇಟ್ಟಿರ್ತಾರೆ.

ಹುಡುಗ: ಕೋಕಾ ಎಲೆ ಚಹಾ?

ಚಿಕ್ಕಮ್ಮ: ಹೋಟೆಲ್ ಒಳಗೆ ಕಾಲಿಟ್ಟ ಕೂಡಲೇ ಕೊಡ್ತಾರೆ, ಅಲ್ಲಿ ಕಾನೂನು ಅಡ್ಡಿ ಇಲ್ಲ. ಆದರೆ ಒಂದೇ ಒಂದು ಪೊಟ್ಟಣವನ್ನೂ ಮನೆಗೆ ಅಂತ ತರಬೇಡ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ಕೋಕಾ ಎಲೆ ಮಾದಕ ವಸ್ತು. ಅಮೆರಿಕಕ್ಕೂ ತರೋ ಹಾಗಿಲ್ಲ, ನೀವು ವಾಪಸ್ ಬರೋದು ಆ ದಾರಿಯಲ್ಲೇ.

ಹುಡುಗ: ಬರ್ಕೊಂಡೆ. ಚಾರ್ಜರ್, ದುಡ್ಡು?

ಚಿಕ್ಕಮ್ಮ: ಕರೆಂಟು 220 ವೋಲ್ಟ್. ಫೋನಿನ ಸಣ್ಣ ಎರಡು ಗುಂಡು ಕಡ್ಡಿಯ ಪ್ಲಗ್ ಹೋಗುತ್ತೆ, ಕುಕ್ಕರಿನ ದಪ್ಪ ಮೂರು ಕಡ್ಡಿಯದು ಹೋಗಲ್ಲ, ಅಡಾಪ್ಟರ್ ಬೇಕು. ಡಾಲರ್ ನೋಟು ಮೂಲೆ ಹರಿದಿದ್ದರೂ ಬೇಡ ಅಂತಾರೆ, ಇಲ್ಲೇ ಎಣಿಸುವಾಗ ಹೊಸದು ಕೇಳಿ ತಗೋ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತೋ ಮುಂಚೆ ಮಾತಾಡು. ಸಣ್ಣ ಊರುಗಳಲ್ಲಿ ಆಟೋ ಇವೆ, ಅದರ ಮೇಲೆ ‘ಬಜಾಜ್’ ಅಂತ ನೋಡಿದಾಗ ಭಾವ ನಗ್ತಾರೆ. ಮಾಚು ಪಿಚು ರೈಲಿಗೆ ದೊಡ್ಡ ಸೂಟ್‌ಕೇಸ್ ಒಯ್ಯೋ ಹಾಗಿಲ್ಲ, ಒಯಾಂತೈತಾಂಬೊ ಹೋಟೆಲಿನಲ್ಲೇ ಬಿಟ್ಟು ಒಂದು ಚೀಲ ಹಿಡ್ಕೊಂಡು ಹೋಗಿ.

ಹುಡುಗ: ಸರಿ. ಈಗ ಲೆಕ್ಕ ಮುಗಿಸೋಣ. ಮೊದಲು ಕಣಿವೆ, ಆಮೇಲೆ ಮಾಚು ಪಿಚು, ಆಮೇಲೆ ಕುಸ್ಕೊ. ಮಾಚು ಪಿಚು ಆದ ಮೇಲೆ ಒಂದು ದಿನ ಖಾಲಿ, ಲಿಮಾದಲ್ಲಿ ವಿಮಾನ ಹತ್ತೋ ಮುಂಚೆ ಒಂದು ದಿನ ಖಾಲಿ. ಟಿಟಿಕಾಕಾ ಇರುತ್ತೆ, ಆದರೆ ದುಡ್ಡು ವಾಪಸ್ ಬರೋ ಬುಕಿಂಗ್. ಖಾಲಿ ದಿನದ ಪಕ್ಕ ಮೂರು ಆಯ್ಕೆ ಬರೆದಿಡ್ತೀನಿ. ಮಳೆ ಬಂದರೆ ಮ್ಯೂಸಿಯಂ, ಬಿಸಿಲಿದ್ದರೆ...

ಚಿಕ್ಕಮ್ಮ: ಅದು ಖಾಲಿ ಅಲ್ಲ ಕಣೋ.

ಹುಡುಗ: ನನಗೆ ಅಷ್ಟೇ ಖಾಲಿ ಬಿಡೋಕೆ ಬರೋದು. ಸುಮ್ಮನೆ ಕೂತ ಅಪ್ಪನ್ನ ನೋಡಿದರೆ ನನಗೆ ತಪ್ಪು ಮಾಡ್ತಿದೀನಿ ಅನ್ಸುತ್ತೆ.

ಚಿಕ್ಕಮ್ಮ: ಅವರಿಗೆ ಹಾಗೆ ಅನ್ನಿಸುತ್ತಾ? ಸರ್ಕ್ಯೂಟ್ ಎರಡೋ ಮೂರೋ, ಟಿಟಿಕಾಕಾ ಬೇಕೋ ಬೇಡವೋ, ಮಧ್ಯಾಹ್ನದಿಂದ ನಾವೇ ಕಿತ್ತಾಡ್ತಿದೀವಿ. ಅವರನ್ನ ಕೇಳಿದೆಯಾ?

ಹುಡುಗ: ಕೇಳಿದೆ. ‘ನೀನು ಹೇಗೆ ಹೇಳ್ತೀಯೋ ಹಾಗೆ’ ಅಂದರು.

ಚಿಕ್ಕಮ್ಮ: ಅದು ಉತ್ತರ ಅಲ್ಲ. ಎರಡು ಫೋಟೋ ತೋರಿಸಿ ಕೇಳು. ಮೆಟ್ಟಿಲು ಎಷ್ಟು ಅಂತಾನೂ ಹೇಳು.

ಹುಡುಗ: ನನಗೂ ರೇನ್‌ಬೋ ಮೌಂಟನ್ ಬೇಕು ಅಂತ ಅಪ್ಪ ಅಂದುಬಿಟ್ಟರೆ?

ಚಿಕ್ಕಮ್ಮ: ಆಗ ನನಗೆ ಫೋನ್ ಮಾಡು. ಡಾಕ್ಟರ ಹತ್ತಿರ ಭಾವನ ಜೊತೆ ನಾನೂ ಬರ್ತೀನಿ. ಅಲ್ಲಿ ನಿನ್ನ ಪರ ಮಾತಾಡ್ತೀನಿ ಅಂತ ಮಾತ್ರ ಅಂದುಕೋಬೇಡ.